ಹೊಳೆಯಾಚೆಯ ಕೂಗು

ಇಂಥದ್ದನ್ನು ಯಾರಾದರೂ ಹೇಳಿದರೆ "ರಾತ್ರಿ ಊಟ ಹೆಚ್ಚಾಗಿತ್ತೇನೋ" ಎಂದು ನಗುತ್ತಿದ್ದವಳು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಮಸಿನಗುಡಿಯಲ್ಲಿ ನಮ್ಮದು ತರಕಾರಿ ಅಂಗಡಿ. ಅಪ್ಪ ಬೊಕ್ಕಾಪುರಂ ಕಡೆ ಹೊಲ ಮಾಡಿಕೊಂಡಿದ್ದವರು. ಬೆಳೆ ಕಾಯಲು ಅಟ್ಟಣೆ ಮೇಲೆ ಕೂತು ಅವರು "ಓ...ಯ್" ಎಂದರೆ ಆನೆ ಇರಲಿ, ಪಕ್ಕದ ಹೊಲದವರೂ ಬೆಚ್ಚುತ್ತಿದ್ದರು. ಪಾರ್ಶ್ವವಾಯು ಬಡಿದು ಆ ಗಂಟಲು ನಿಂತುಹೋಯಿತು. ನನ್ನ ಮಗಳು ಗೌರಿ ಹುಟ್ಟಿದ್ದು ಅದರ ಮರುವರ್ಷ. ಮೊಮ್ಮಗಳ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಎಳೆಬಿಸಿಲು ಒಳ್ಳೆಯದೆಂದು ಭಾನುವಾರ ಬೆಳಿಗ್ಗೆ ಅವರನ್ನು ಹೊಳೆದಂಡೆಯ ಪಾರ್ಕಿಗೆ ಕರೆದೊಯ್ಯುತ್ತಿದ್ದೆ. ಪಾರ್ಕೆಂದರೆ ಎರಡು ಉಯ್ಯಾಲೆ, ಒಂದು ಜಾರುಬಂಡೆ, ನಾಲ್ಕು ಸಿಮೆಂಟ್ ಬೆಂಚು, ನೀರಿಗಿಳಿಯುವ ಮೆಟ್ಟಿಲು. ಆಚೆ ದಡವೆಲ್ಲ ಕಾಡು. ಅಲ್ಲಿಗೆ ಯಾರೂ ಹೋಗುವಂತಿಲ್ಲ.

ಗೌರಿಗೆ ಆಗ ನಾಲ್ಕು ವರ್ಷ. ಅಂದು ಮಂಜು ಕರಗಿರಲಿಲ್ಲ. ಸರಪಳಿ ಕಿರುಗುಟ್ಟುತ್ತಿತ್ತು, ಉಯ್ಯಾಲೆಯ ಮೇಲಿನ ಮಗಳು ಒಮ್ಮೆ ಕಾಣುವಳು, ಒಮ್ಮೆ ಮಾಯ. ಅಪ್ಪ ನನ್ನ ಪಕ್ಕ ಕಂಬಳಿ ಹೊದ್ದು ನಿದ್ದೆ ಹೋಗಿದ್ದರು. ನನಗೂ ಜೊಂಪು ಹತ್ತಿತು. ತಪ್ಪು ನನ್ನದೇ.

"ಓ...ಯ್, ಗೌರೀ! ಅಲ್ಲೇ ನಿಂತ್ಕವ್ವಾ!"

ಬೆಚ್ಚಿ ಎದ್ದೆ. ಆಚೆ ದಡದ ಮಂಜಿನೊಳಗಿಂದ ಬಂದ ಆ ದನಿ ಅಪ್ಪನದು. ಉಯ್ಯಾಲೆ ಖಾಲಿಯಿತ್ತು. ಗೌರಿ ಕೊನೆಯ ಮೆಟ್ಟಿಲ ಮೇಲೆ, ನೀರಿನ ಅಂಚಿನಲ್ಲಿ, ಆಚೆ ನೋಡುತ್ತಾ ನಿಂತಿದ್ದಳು. ಓಡಿಹೋಗಿ ಬಾಚಿ ಎತ್ತಿಕೊಂಡೆ.

ಹಿಂದೆಯೇ ಪಾರ್ಕಿನ ಕಾವಲುಗಾರನೂ ಓಡಿಬಂದ. "ಆ ಕಡೆಯಿಂದ ಕೂಗಿದ್ಯಾರಕ್ಕಾ? ಆನೆ ನೀರಿಗೆ ಬರೋ ಜಾಗ ಅದು!"

"ತಾತ ಕೂಗಿದ್ದಮ್ಮ," ಎಂದಳು ಗೌರಿ.

ತಾತನ ದನಿಯನ್ನು ಆ ಮಗು ಕೇಳಿದ್ದೇ ಇಲ್ಲ. ಬೆಂಚಿನತ್ತ ತಿರುಗಿದೆ. ಅಪ್ಪ ಇನ್ನೂ ನಿದ್ದೆಯಲ್ಲಿದ್ದರು, ಕಂಬಳಿ ಕೂಡ ಸರಿದಿರಲಿಲ್ಲ. ಎಬ್ಬಿಸಿ, "ಅಪ್ಪಾ, ನೀನೇನಾ ಕೂಗಿದ್ದು?" ಎಂದು ಕೇಳಿದೆ. ದಿನಾ ನೋಡುವಂತೆಯೇ ನನ್ನನ್ನು ನೋಡಿದರು, ಅಷ್ಟೆ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ನನ್ನ ಭ್ರಮೆ ಎನ್ನೋಣವೆಂದರೆ ಮೂವರಿಗೂ ಕೇಳಿಸಿತ್ತಲ್ಲ. ಇದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಯಾರಿಗೂ ಹೇಳದ ಒಂದು ಮಾತಿದೆ. ಮಗು ಉಳಿಯಿತೆಂದು ಎದೆಗವಚಿಕೊಂಡು ಅಳುತ್ತಿದ್ದಾಗಲೇ ನನಗೆ ಹೊಟ್ಟೆಕಿಚ್ಚಾಯಿತು. ಐದು ವರ್ಷ ಉಣ್ಣಿಸಿ, ಮೀಯಿಸಿ, ಒಂದೇ ಒಂದು ಮಾತಿಗಾಗಿ ಕಾದವಳು ನಾನು. ಅಪ್ಪ ಕರೆದದ್ದು ಅವಳನ್ನು.