ಕನೆಕ್ಟರಿನೊಳಗಿನ ಇರುವೆಗಳು

ಮಡಂತ್ಯಾರಿನ ನನ್ನ ಶೆಡ್ಡಿಗೆ ಆ ಕಾರು ಬಂದದ್ದು ಟಿಂಕರಿಂಗ್ ಮುಗಿದ ಮೇಲೆ. ವೇಣೂರು ರಸ್ತೆಯ ತಿರುವೊಂದರಲ್ಲಿ ಅದರ ಎಡಬದಿ ಕೆಂಪುಕಲ್ಲಿನ ಗೋಡೆಗೆ ಬಡಿದು, ಎಡಸೀಟಿನಲ್ಲಿದ್ದ ಹೆಂಗಸು ತೀರಿಹೋಗಿದ್ದರು. ಓಡಿಸುತ್ತಿದ್ದವರು ಅವರ ಗಂಡ. ವೇಣೂರಿನಲ್ಲಿ ಸಣ್ಣ ಹೋಟೆಲ್ ನಡೆಸುವವರು. ಈಗ ತಗಡು ನೆಟ್ಟಗಾಗಿತ್ತು, ಬಣ್ಣವೂ ಆಗಿತ್ತು. ಆದರೆ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಉರಿಯುತ್ತಿದ್ದವು.

ಕಾರು ತಂದ ಟಿಂಕರಿಂಗಿನ ಗೆಳೆಯ, ಕಾರಿನ ದೋಷ ಓದುವ ನನ್ನ ಸ್ಕ್ಯಾನರಿನ ಪರದೆ ನೋಡಿ ನಕ್ಕ. “ಎಂತ ಇಂಜಿನಿಯರ್ರೇ, ಇಷ್ಟು ದೋಷ ಜಾತಕದಲ್ಲಿಯೂ ಇರುದಿಲ್ಲ. ಜೋಯಿಸರ ಹತ್ರ ಪ್ರಶ್ನೆ ಇಡಿಸುವನಾ?”

“ದೋಷ ಒಂದೇ ಇರ್ಬಹುದು ಮಾರಾಯ. ಬಾಕಿದ್ದೆಲ್ಲ ಚಾಡಿ,” ಎಂದೆ.

ಈಗಿನ ಕಾರುಗಳಲ್ಲಿ ಇಂಜಿನ್, ಬ್ರೇಕ್, ಸ್ಟೀರಿಂಗ್ ಎಲ್ಲಕ್ಕೂ ಒಂದೊಂದು ಪುಟ್ಟ ಕಂಪ್ಯೂಟರ್. ಒಂದಕ್ಕೊಂದು ಸುತ್ತಿಕೊಂಡ ಎರಡು ವೈರುಗಳ ಮೇಲೆ ಅವು ಮಾತನಾಡಿಕೊಳ್ಳುತ್ತವೆ. ನಡುವೆ ಎಲ್ಲಾದರೂ ಸಂಪರ್ಕ ತಪ್ಪಿದರೆ, ಇನ್ನೊಂದು ಮಾತು ನಿಲ್ಲಿಸಿದೆ ಎಂದು ಪ್ರತಿಯೊಂದೂ ದೂರು ದಾಖಲಿಸುತ್ತದೆ. ಯಾಕೆ ನಿಲ್ಲಿಸಿತು ಎಂದು ಯಾವುದಕ್ಕೂ ಗೊತ್ತಿರುವುದಿಲ್ಲ. ಈ ಕಾರಿನಲ್ಲಿ ಯಾವಾಗ ಎಂಬುದೂ ದಾಖಲಾಗಿರಲಿಲ್ಲ.

ಅಷ್ಟರಲ್ಲಿ ಕಾರಿನ ಯಜಮಾನರು, ಆ ಹೋಟೆಲಿನವರು, ಬಸ್ಸಿಳಿದು ಬಂದರು. ಗೆಳೆಯ ನಗು ನಿಲ್ಲಿಸಿ ಚಹಾ ತರುವ ನೆಪದಲ್ಲಿ ಹೊರಗೆ ಹೋದ. ಅವರೂ ನಾನೂ ಮಾತನಾಡಿದ್ದು ತುಳುವಿನಲ್ಲಿ. ಬರೆಯುತ್ತಿರುವುದು ಕನ್ನಡದಲ್ಲಿ, ಅದೂ ಬಹಳ ಕಾಲದ ಮೇಲೆ. ಆದ್ದರಿಂದ ಇವು ಅವರು ಆಡಿದ ಮಾತುಗಳೇ ಎಂದು ಪ್ರಮಾಣ ಮಾಡಲಾರೆ.

“ನನಗೆ ಒಂದು ವಿಷಯ ಗೊತ್ತಾದರೆ ಸಾಕು,” ಎಂದರು. “ಕಾರು ಕೈಕೊಟ್ಟದ್ದಾ, ನಾನು ನಿದ್ದೆ ಮಾಡಿದ್ದಾ?”

ಮೂಡುಬಿದಿರೆಯಲ್ಲಿ ಮದುವೆ ಊಟ ಮುಗಿಸಿ ಹಿಂದಿರುಗುವಾಗ ನಡೆದದ್ದು ಅದು. ಮಧ್ಯಾಹ್ನ ಉಂಡ ಮೇಲೆ ತುಸು ಮಲಗುವುದು ಅವರ ಅಭ್ಯಾಸ. ಬಂಟ್ವಾಳಕ್ಕೆ ಮದುವೆಯಾಗಿ ಹೋದ ಒಬ್ಬಳೇ ಮಗಳು ತಾಯಿಯ ಉತ್ತರಕ್ರಿಯೆಯ ಬೊಜ್ಜದ ದಿನ ಎಲ್ಲರೆದುರು, “ಊಟ ಮಾಡಿ ಓಡಿಸ್ಬೇಡಿ ಅಂತ ಅಮ್ಮ ಎಷ್ಟು ಸಲ ಹೇಳಿಲ್ಲ?” ಎಂದು ಕೇಳಿದವಳು ಆಮೇಲೆ ಅವರ ಫೋನ್ ಎತ್ತಿರಲಿಲ್ಲ.

“ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾದದ್ದು ನೆನಪುಂಟು. ಆದರೆ ಎಲ್ಲರೂ ನಿದ್ದೆ ನಿದ್ದೆ ಅಂತ ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದ್ದೂ ನೆನಪಾಗ್ತದೆ ಮಾರಾಯ್ರೆ. ನೀವು ಓದಿದವರು. ಕಾರಿನದ್ದೇ ತಪ್ಪು ಅಂತಾದರೆ ಮಗಳಿಗೆ ಒಂದು ಫೋನ್ ಮಾಡಿ ಹೇಳಿ. ನೀವು ಹೇಳಿದರೆ ನಂಬ್ತಾಳೆ.”

ಬ್ಯಾಟರಿ ಬಿಚ್ಚಿ, ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಮೀಟರ್ ಹಿಡಿದೆ. ಆ ವೈರಿನ ಜೋಡಿ ಸರಿಯಾಗಿದ್ದರೆ ಅರುವತ್ತು ಓಮ್ ತೋರಿಸಬೇಕು. ತೋರಿಸಿತು. ಮೀಟರನ್ನು ಅವರ ಕೈಗೆ ಕೊಟ್ಟು, ಅಂಕಿ ಬದಲಾದರೆ ಕೂಗಿ ಎಂದು ಹೇಳಿ, ಬಾನೆಟ್ಟಿನ ಕೆಳಗಿನ ವೈರುಗಳ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋದೆ. ಬಲಮೂಲೆಯಲ್ಲಿ ವೈರುಗಳು ಕೂಡುವ ಕನೆಕ್ಟರಿಗೆ ಕೈ ತಾಗಿದ್ದೇ ಅವರು, “ಹೋಯ್ತು! ನೂರಿಪ್ಪತ್ತು!” ಎಂದು ಕೂಗಿದರು. ಆ ದನಿಯಲ್ಲಿ ಇದ್ದದ್ದು ಸಂತೋಷವೇ ಎಂದು ಈಗಲೂ ಅನ್ನಿಸುತ್ತದೆ.

ಕನೆಕ್ಟರ್ ಬಿಚ್ಚಿದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಪೆಟ್ಟು ಬಿದ್ದದ್ದು ಎಡಕ್ಕೆ, ಇದು ಬಲಕ್ಕೆ. ಇಷ್ಟು ಕಿಲುಬು ಅಪಘಾತದ ನಂತರದ ಕೆಲವೇ ವಾರಗಳಲ್ಲಿ ಕಟ್ಟಿದ್ದೂ ಅಲ್ಲ. ಇಲ್ಲಿ ಸಂಪರ್ಕ ತಪ್ಪಿದರೆ ಇಂಜಿನ್ ಓಡುತ್ತಿದೆ ಎಂಬ ಸುದ್ದಿ ಸ್ಟೀರಿಂಗಿಗೆ ತಲುಪುವುದಿಲ್ಲ, ಅದು ಗಟ್ಟಿಯಾಗಿಬಿಡಬಹುದು. ಇದನ್ನೆಲ್ಲ ಅವರಿಗೆ ಹೇಳಿದೆ. ಆ ತಿರುವಿನಲ್ಲಿ, ಆ ಗಳಿಗೆಯಲ್ಲೇ ತಪ್ಪಿತೆಂದು ಯಾವ ಮೀಟರೂ ಹೇಳಲಾರದು ಎಂಬುದನ್ನೂ ಸೇರಿಸಿದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು.

“ಕಿಲುಬು ಯಾಕೆ ಬಂತು?”

“ನೀರು ಹೋಗಿದೆ.”

ಅವರ ಮುಖ ಇಳಿಯಿತು. “ಕಾರು ತೊಳೆಯುದು ನಾನೇ.”

“ತೊಳೆದ ನೀರಲ್ಲ ಅಣ್ಣ. ಇಲ್ಲಿ ನೋಡಿ.” ಕನೆಕ್ಟರಿನ ರಬ್ಬರ್ ಸೀಲಿನ ಹಿಂದೆ, ಅಂಟಂಟಾದ ಕಂದು ಪದರದಲ್ಲಿ ಸತ್ತ ಇರುವೆಗಳು ಸಾಲಾಗಿ ಹೂತಿದ್ದವು. “ಎಂಥದೋ ಸಿಹಿ ನೀರು ಇಳಿದಿದೆ. ಒಂದೇ ಸಲ ಅಲ್ಲ.”

ನಾನು ಹೇಳಿದ್ದು ಅಷ್ಟೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನನಗಲ್ಲ, ಬಾನೆಟ್ಟಿಗೆ ಹೇಳುವವರಂತೆ ಹೇಳಿದರು: “ಆಯುಧಪೂಜೆಗೆ ಕಾಯಿ ಒಡೆಯುದು ನಾನು. ಆ ನೀರು ನೆಲಕ್ಕೆ ಚೆಲ್ಲಿದರೆ ಅವಳಿಗೆ ಆಗುದಿಲ್ಲ. ತಟ್ಟೆಯಲ್ಲಿ ಹಿಡಿದು, ಬಾನೆಟ್ ತೆಗೆಸಿ, ಇಂಜಿನಿಗೆ ಎರೆಯುವಳು. ವರ್ಷ ವರ್ಷ. ‘ಇಡೀ ವರ್ಷ ನಮ್ಮನ್ನು ಹೊರ್ತದೆ, ಅದಕ್ಕೂ ಬಾಯಾರಿಕೆ ಇಲ್ವಾ’ ಅಂತ. ಹುಚ್ಚಿ ಅಂತ ನಾನು ತಮಾಷೆ ಮಾಡ್ತಿದ್ದೆ. ಮಗಳು ಸಣ್ಣವಳಿರುವಾಗ ಅವಳ ಕೈಯಲ್ಲೂ ಎರೆಸ್ತಿದ್ದಳು, ಹಳೇ ಕಾರಿಗೆ.”

ಗೆಳೆಯ ಚಹಾ ತಂದಿಟ್ಟ. ಯಾರೂ ಮುಟ್ಟಲಿಲ್ಲ.

ಪಿನ್ನುಗಳನ್ನು ಬದಲಾಯಿಸಿದೆ. ಎಷ್ಟು ಅಲುಗಾಡಿಸಿದರೂ ಮೀಟರ್ ಅರುವತ್ತರಲ್ಲೇ ನಿಂತಿತು. ಬ್ಯಾಟರಿ ಜೋಡಿಸಿ, ಹಳೆಯ ದೂರುಗಳನ್ನು ಅಳಿಸಿ ಕೀ ತಿರುಗಿಸಿದಾಗ ದೀಪಗಳು ಒಂದೊಂದಾಗಿ ಆರಿದವು. ಕೈ ಒರೆಸಿಕೊಂಡು ಮೊಬೈಲ್ ತೆಗೆದೆ.

“ಮಗಳ ನಂಬರ್ ಹೇಳಿ ಅಣ್ಣ. ಫೋನ್ ಮಾಡ್ತೇನೆ.”

“ಬೇಡ.”

“ಕಾರಿನದ್ದೇ ತಪ್ಪು ಅಂತ ಅಷ್ಟೇ ಹೇಳ್ತೇನೆ. ಬೇರೆ ಎಂತ ಹೇಳುದಿಲ್ಲ.”

“ಯಾಕೆ ಕೆಟ್ಟಿತು ಅಂತ ಕೇಳದೆ ಬಿಡುವವಳಲ್ಲ ಅವಳು. ತಾಯಿಯ ಹಾಗೆಯೇ.” ಹಳೆಯ ಪಿನ್ನುಗಳನ್ನು ನನ್ನ ಮೇಜಿನಿಂದ ಒಟ್ಟುಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಕಾರನ್ನು ಯಾರಿಗಾದರೂ ಮಾರಿಬಿಡಲು ಗೆಳೆಯನಿಗೆ ಹೇಳಿದರು. ಬಾಗಿಲವರೆಗೆ ಹೋಗಿ ನಿಂತರು.

“ನನಗೆ ನಿದ್ದೆಯೇ ಬಂದದ್ದು,” ಎಂದರು. “ಈಗ ಸರಿಯಾಗಿ ನೆನಪಾಗ್ತದೆ.”