ಒಂದು "ಇಲ್ಲ"ಕ್ಕಾಗಿ ಹೊತ್ತ ಹರಕೆ

ಪುಸ್ತಕ ಮುಟ್ಟದೆ ಪಾಸಾದೆ, ಎಲ್ಲ ನಮ್ಮ ತುಳುನಾಡ ದೈವ ಕೊರಗಜ್ಜನ ದಯೆ ಎಂದು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಜ್ಜ ಏನು ಸೋಮಾರಿಗಳಿಗೆ ಅಂಕ ಹಂಚಲು ಕುಳಿತಿದ್ದಾನೆಯೇ? ಭಕ್ತಬಾಂಧವರೇ, ನನಗೆ ಅಂಥ ಅನುಭವ ಆಗಿಲ್ಲ. ಆದದ್ದನ್ನು ಹೇಳುತ್ತೇನೆ.

ಕಳೆದ ವರ್ಷ ನಾನು ಪುತ್ತೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಪಾಠ ಮಾಡಿ ಕಲಿಯಲೆಂದು ನನ್ನನ್ನು ಕೊಯಿಲದಿಂದಾಚೆಯ ಒಂದು ಹೈಸ್ಕೂಲಿಗೆ ಹಾಕಿದರು. ಎಂಟನೇ ತರಗತಿಗೆ ಗಣಿತ. ದಿನವೂ ಕೊನೆಗೆ ನಾನು "ಅರ್ಥ ಆಯಿತಾ?" ಎನ್ನುವುದು, ಇಡೀ ತರಗತಿ "ಆಯ್ತು ಟೀಚರ್" ಎಂದು ರಾಗ ಎಳೆಯುವುದು. ಮೂರನೇ ವಾರ ಕಿರುಪರೀಕ್ಷೆ ಕೊಟ್ಟೆ. ಒಬ್ಬರಿಗೂ ಒಂದು ಲೆಕ್ಕವೂ ಬಂದಿರಲಿಲ್ಲ.

ಶಾಲೆಯ ಗಣಿತದ ಟೀಚರು ಉತ್ತರಗಳನ್ನು ನೋಡಿ ನನ್ನನ್ನು ಕರೆದರು. "ಎಂತ ಮಾರಾಯ್ತಿ, ಇಷ್ಟು ದಿನ ನೀನು ಮಾಡಿದ್ದೆಂತ? ಇನ್ನೂ ಹೀಗೇ ಆದ್ರೆ ನಿನ್ನನ್ನು ಕಾಲೇಜಿಗೆ ವಾಪಸ್ ಕಳಿಸುದೇ. ಮಕ್ಕಳ ವರ್ಷ ಹಾಳಾಗ್ತದೆ." ಟೀಚರಾಗುವುದು ಬಿಟ್ಟು ಬೇರೇನನ್ನೂ ನಾನು ಬಯಸಿದವಳಲ್ಲ.

ಕಾಲೇಜಿನವರು ಕಲಿಸಿದ್ದಾದರೂ ಏನು? ಚಾರ್ಟಿಗೆ ಯಾವ ಬಣ್ಣ, ಬೋರ್ಡಿನ ಯಾವ ಮೂಲೆಯಲ್ಲಿ ದಿನಾಂಕ, ಎಲ್ಲಿ ನಿಂತು ನಗಬೇಕು! ನನ್ನ ಜೊತೆಗೆ ಬಂದಿದ್ದ ಸಹಪಾಠಿ ಈ ವಿದ್ಯೆಯಲ್ಲಿ ಮಹಾ ಪಂಡಿತೆ. ಪಾಠ ನೋಡಿ ಅಂಕ ಕೊಡಲು ಕಾಲೇಜಿನ ಸರ್ ಬರುವ ಹಿಂದಿನ ದಿನ ಮಕ್ಕಳಿಗೆ ತಾಲೀಮು ಕೊಟ್ಟಳು: ಎಲ್ಲರೂ ಕೈ ಎತ್ತಬೇಕು, ಗೊತ್ತಿದ್ದವರು ಅಂಗೈ ಬಿಡಿಸಿ, ಗೊತ್ತಿಲ್ಲದವರು ಮುಷ್ಟಿ ಕಟ್ಟಿ. ಅವಳು ಉತ್ತರ ಕೇಳುವುದು ಅಂಗೈ ಬಿಡಿಸಿದವರನ್ನು ಮಾತ್ರ. "ನೀನೂ ಹಾಗೇ ಮಾಡು, ಸುಮ್ಮನೆ ತಲೆಬಿಸಿ ಎಂತಕ್ಕೆ?" ಎಂದು ನನಗೂ ಬುದ್ಧಿ ಹೇಳಿದಳು. ಇಂಥವರೇ ನಾಳೆ ಮಕ್ಕಳಿಗೆ ಸತ್ಯ ನುಡಿಯಲು ಹೇಳಿಕೊಡುವವರು. ಥೂ!

ನನ್ನ ಪಾಠ ನೋಡಲು ಸರ್ ಬರುವ ದಿನ ಕಡಬದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿ ಹಿಡಿದು ನೇತಾಡುತ್ತಲೇ ಹರಕೆ ಹೊತ್ತೆ. "ಅಜ್ಜಾ, ಅಂಕ ಬೇಡ. ಈ ಮಕ್ಕಳಿಗೆ ಯಾಕೆ ಬರುವುದಿಲ್ಲ ಎಂದು ತೋರಿಸಿಕೊಡು. ಚಕ್ಕುಲಿ, ವೀಳ್ಯ ಇಡುತ್ತೇನೆ." ಹೇಳುವಾಗ ಅಳು ಬಂತು.

ಸರ್ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಬೀಜಗಣಿತದ ಪಾಠ ಶುರುಮಾಡಿ, ಸ್ವಲ್ಪ ಹೊತ್ತಿಗೆ ಅದೇ "ಅರ್ಥ ಆಯಿತಾ?" ಎಂದೆ. ಅದೇ ರಾಗ ಬಂತು. ಆಗ, ಅಷ್ಟು ದಿನ ತುಟಿ ಬಿಚ್ಚದಿದ್ದ ಜಯಶ್ರೀ ಎದ್ದು ನಿಂತಳು.

"ಇಲ್ಲ ಟೀಚರ್. ಎಕ್ಸ್ ಅಂದ್ರೆ ಎಂತ?"

"ಚರಾಕ್ಷರ" ಅಂದೆ.

"ಅದು ಬಾಯಿಪಾಠ ಉಂಟು. ಆದ್ರೆ ಅದು ಎಂತ?"

"ನಮಗೂ ಗೊತ್ತಿಲ್ಲ ಟೀಚರ್!" ಸುತ್ತಲಿಂದ ಧ್ವನಿಗಳೆದ್ದವು.

ಚಾರ್ಟನ್ನು ಸುತ್ತಿಟ್ಟೆ. ಡಬ್ಬವೊಂದರಲ್ಲಿ ಯಾರಿಗೂ ಕಾಣದಂತೆ ಕೆಲವು ಚಾಕ್‌ಪೀಸ್ ಹಾಕಿ ಮುಚ್ಚಿ ಅಲ್ಲಾಡಿಸಿದೆ. ಒಳಗೆ ಎಷ್ಟಿದೆ? ಗೊತ್ತಿಲ್ಲ. ಗೊತ್ತಾಗುವ ತನಕ ಅದರ ಹೆಸರು ಎಕ್ಸ್. ಇನ್ನೆರಡು ಹಾಕಿದರೆ ಏಳಾಗುತ್ತದೆ, ಹಾಗಾದರೆ ಮೊದಲು ಎಷ್ಟಿತ್ತು? "ಐದು!" ಜಯಶ್ರೀಯೇ ಓಡಿಬಂದು ಡಬ್ಬ ತೆರೆದು ಎಣಿಸಿದಳು. ಬೆಲ್ ಹೊಡೆದರೂ ಮಕ್ಕಳು ಬಿಡಲಿಲ್ಲ.

ಸರ್ ಮುಖ ಗಂಟಿಕ್ಕಿದರು. "ಪಾಠಯೋಜನೆ ಮುಗಿಯಲಿಲ್ಲ, ಚಾರ್ಟ್ ಬಳಸಲಿಲ್ಲ." ನಮ್ಮ ತಂಡದಲ್ಲೇ ಕಡಿಮೆ ಅಂಕ ನನಗೆ, ಹೆಚ್ಚಿನದು ಮುಷ್ಟಿ ಪಂಡಿತೆಗೆ. ಮಕ್ಕಳು ಕಲಿತರೋ ಎಂದು ಕಾಲೇಜಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವರು ಶಾಲೆಯ ಟೀಚರು. ಅವರೇ ಮತ್ತೊಮ್ಮೆ ಪರೀಕ್ಷೆ ಕೊಟ್ಟು, ಉತ್ತರ ನೋಡಿ, "ಇನ್ನು ನೀನೇ ಮುಂದುವರಿಸು" ಅಂದರು.

"ಆ ದಿನ ಎದ್ದು ಕೇಳಿದ್ದು ಹೇಗೆ?" ಎಂದು ಜಯಶ್ರೀಯನ್ನು ವಿಚಾರಿಸಿದೆ. "ಗೊತ್ತಿಲ್ಲ ಟೀಚರ್, ಬಾಯಿಗೆ ಬಂತು" ಅಂದಳು. ಬರಿಸಿದವನು ಯಾರೆಂದು ನನಗೆ ಗೊತ್ತು. ಮುಂದಿನ ಭಾನುವಾರ ಬೆಳಿಗ್ಗೆ ಹರಕೆ ತೀರಿಸಿದೆ.

ಸೋಮವಾರ ಪಾಠ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಆಚೆಯಿಂದ ಜಯಶ್ರೀ ಕೂಗಿದಳು: "ಟೀಚರ್, ಇವತ್ತಿಂದು ಎಂತದೂ ಅರ್ಥ ಆಗ್ಲಿಲ್ಲ!"

ನಿಂತಲ್ಲೇ ಅಜ್ಜನಿಗೆ ಕೈ ಮುಗಿದೆ. ಬಸ್ಸು ಬಂತು, ಹತ್ತಲಿಲ್ಲ.