ಎರಡು ಮಷೀನಿನ ಪದ್ಮಣ್ಣ

ಏಪ್ರಿಲ್ ಬಿಸಿಲಿಗೆ ಖಾಸಬಾಗದ ನಮ್ಮ ಓಣಿಯ ನಾಯಿಗಳು ಗಟಾರದಲ್ಲಿ ಹೊಟ್ಟೆ ಹಚ್ಚಿ ಮಲಗುವ ಹೊತ್ತಿಗೆ, ಪದ್ಮಣ್ಣ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬರುತ್ತಿದ್ದ. ಕೊರಳಿಗೆ ಮಫ್ಲರ್ ಬೇರೆ. ಮೊದಲ ಸಲ ನೋಡಿದಾಗ ಚಳಿಜ್ವರದವನೆಂದು ತಿಳಿದು ಹೊರಗಿನ ಕಟ್ಟೆಯ ಮೇಲೇ ಕೂಡಿಸಿದ್ದೆ. ಆಮೇಲೆ ಗೊತ್ತಾಯಿತು, ದವಾಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ದಿನವೆಲ್ಲ ಎಸಿ ಓಡುತ್ತದೆಯಂತೆ.

"ಮಷೀನಕ್ಕ ಸೆಕಿ ಆಗಬಾರದು ಆಯಿ. ಮನಿಶ್ಯಾ ನಡಗಿದ್ರ ಯಾರೂ ಕೇಳಂಗಿಲ್ಲ," ಎಂದ.

ನನ್ನ ಮಗ ಶಿವಾನಂದ ಆ ದವಾಖಾನೆಯಲ್ಲಿ ಅವನ ಕೈಕೆಳಗೆ ಕೆಲಸಕ್ಕಿದ್ದ. ಪದ್ಮಣ್ಣ ಖಾನಾಪುರದವನು, ದಿನಾ ಬಸ್ಸಿನಲ್ಲಿ ಬಂದು ಹೋಗುವವನು. ಮಧ್ಯಾಹ್ನ ಶಿವ್ಯಾನ ಸಂಗಡ ನಮ್ಮ ಮನೆಗೆ ಬಂದು ಬುತ್ತಿ ಬಿಚ್ಚುತ್ತಿದ್ದ. ನಗುವುದು ಕಡಿಮೆ. ನೀರು ಕುಡಿಯಲು ಅಡುಗೆಮನೆಗೆ ಹೋದರೆ ಗ್ಯಾಸಿನ ಕಿವಿ ತಿರುವಿ ನೋಡಿಯೇ ಬರುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಶಿವ್ಯಾನಿಗೆ ಏನಾದರೂ ಹೇಳಿಕೊಟ್ಟರೆ ತಿರುಗಿ ಒಪ್ಪಿಸಬೇಕು. "ತಿಳೀತೇನು ಅಂದ್ರ ಹೂಂ ಅನಬ್ಯಾಡ. ಏನ ತಿಳೀತು, ಅದನ್ನ ಹೇಳು," ಎಂದು ರೊಟ್ಟಿ ಮುರಿಯುವುದನ್ನು ಬಿಟ್ಟು ಕಾಯುತ್ತಿದ್ದ.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಒಮ್ಮೆ ಕೇಳಿಯೇ ಬಿಟ್ಟೆ. "ಅಷ್ಟ ಥಂಡ್ಯಾಗ ಕುಂತು ನೀವು ಮಾಡೂದರ ಏನೋ ತಮ್ಮಾ?"

"ಆಯಿ, ನಿಮಗ ಇಬ್ಬರು ಸೊಸ್ತ್ಯಾರು ಅಂತ ತಿಳಕೋರಿ."

"ಒಬ್ಬಾಕಿನ ಸಾಕಾಗ್ಯಾಳ."

"ಇಬ್ಬರು ಅನ್ರಿ. ಒಬ್ಬಾಕಿ ತವರಿಗೆ ಹೋದ್ರ ಇನ್ನೊಬ್ಬಾಕಿ ಒಲಿ ಮುಂದ ಇರತಾಳ. ಉಣ್ಣಾವರಿಗೆ ಗೊತ್ತ ಆಗಂಗಿಲ್ಲ. ದವಾಖಾನಿ ಎಲ್ಲಾ ನಡಸೂ ನಮ್ಮ ಸರ್ವರ್ ಮಷೀನೂ ಹಂಗ, ಎರಡು ಅದಾವ. ಇಬ್ಬರೂ ಒಮ್ಮೆ ಹ್ವಾದ್ರ?"

"ಮುದುಕಿ ರೊಟ್ಟಿ ಬಡೀಬೇಕು."

"ಅಲ್ಲಿ ಮುದುಕಿ ಇಲ್ರೀ ಆಯಿ. ಅದಕ್ಕ ನನಗ ಹೆದರಿಕಿ."

ಆ ಮಷೀನುಗಳಿಗೆ ಆಗಾಗ ಫರ್ಮ್‌ವೇರ್ ಹೊಸದು ಹಾಕಬೇಕಂತೆ. ಅದೇನೆಂದರೆ, "ಹುಟ್ಟಿದ ಕೂಸಿಗೆ ಮೊಲಿ ಚೀಪೂದ ಯಾರ ಕಲಿಸ್ತಾರ್ರೀ? ಮಷೀನಿನ್ಯಾಗೂ ಅಂಥಾ ಬುದ್ಧಿ ಒಂದು ಇರತೈತಿ. ಅದನ್ನ ಬದಲಿ ಮಾಡೂದು," ಎನ್ನುತ್ತಿದ್ದ. ಬದಲಿ ಮಾಡಲು ಮಷೀನನ್ನು ಮಲಗಿಸಬೇಕು. ಒಂದನ್ನು ಮಲಗಿಸಿ, ಎಬ್ಬಿಸಿ, ದವಾಖಾನೆಯ ಭಾರವನ್ನು ಅದರ ಮೇಲೆ ಹೊರಿಸಿ, ಹೊತ್ತು ನಿಂತಿದೆ ಎಂದು ಕಂಡ ಮೇಲೆಯೇ ಅವನ ಕೈ ಎರಡನೆಯದಕ್ಕೆ ಹೋಗುತ್ತಿತ್ತು. "ದೀಪ ಹತ್ತಿತು ಅಂದ್ರ ಎಚ್ಚರಾತು ಅಂತ ಅಷ್ಟ. ನಿಮ್ಮ ಶಿವಾನಂದನ್ನ ನೋಡ್ರಿ, ಮುಂಜಾನೆ ಕಣ್ಣ ತಗದು ಕೆಲಸಕ್ಕ ಬರೂದು ಯಾವಾಗ?" ಶಿವ್ಯಾ ನಕ್ಕ. ನಕ್ಕು ಬಿಟ್ಟುಬಿಟ್ಟ.

ಒಂದು ರವಿವಾರ ಮಧ್ಯಾಹ್ನ ನಾನು ಸಕ್ಕರೆ ರೋಗದ ಗುಳಿಗೆಗೆಂದು ಅದೇ ದವಾಖಾನೆಯಲ್ಲಿ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಕಂಪ್ಯೂಟರೆಲ್ಲ ನಿಂತವು. ಗುಳಿಗೆ ಇಲ್ಲ, ಚೀಟಿ ಇಲ್ಲ, ರಕ್ತ ತಪಾಸಿಸಿದ್ದು ಹೇಳುವವರಿಲ್ಲ. ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಹುಡುಗಿ ಎಲ್ಲರನ್ನೂ ಕೇಳುತ್ತ ತಿರುಗುತ್ತಿದ್ದಳು. ಯಾರೋ ಒಳಗಿನವನೇ ಕೆಡಿಸಿದ್ದಾನೆ ಎಂದು ಮಾತು ಬಂತು. ನನ್ನ ಬಾಯಿ ಗೊತ್ತಲ್ಲ, ಎಲ್ಲರಿಗಿಂತ ಮೇಲೆ ನನ್ನದೇ ದನಿ. "ಯಾವ ಪುಣ್ಯಾತಗಿತ್ತಿ ಹಡದಾಳೋ ಇಂಥಾ ಮಗನ್ನ!"

ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ಶಿವ್ಯಾ. ಮುಖ ಸುಣ್ಣ. "ಸುಮ್ನಿರವ್ವಾ. ನಾನ ಮಾಡಿದ್ದು."

ಪದ್ಮಣ್ಣ ಒಂದು ಮಷೀನಿಗೆ ಹೊಸ ಫರ್ಮ್‌ವೇರ್ ಹಾಕಿ, "ನಮ್ಮವ್ವನ್ನ ಊರಿನ ರೈಲಿಗೆ ಕುಂದ್ರಿಸಿ ಬರ್ತೇನಿ, ಎರಡನೇದು ಮುಟ್ಟಬ್ಯಾಡ," ಎಂದು ಸ್ಟೇಷನ್ನಿಗೆ ಹೋಗಿದ್ದನಂತೆ. ಅವನು ಬರುವುದರೊಳಗೆ ಮುಗಿಸಿ ತೋರಿಸಬೇಕೆಂದು ಇವನು ಹಸಿರು ದೀಪ ನೋಡಿ ಎರಡನೆಯದನ್ನೂ ಮಲಗಿಸಿದ. ಮೊದಲಿನದು ಎದ್ದಿತ್ತು, ಭಾರ ಹೊತ್ತಿರಲಿಲ್ಲ. ಪದ್ಮಣ್ಣ ಓಡಿಬಂದು ಎಲ್ಲ ಸರಿಮಾಡಿದ. ಕೂಸಿಗೆ ಔಷಧ ಸಿಕ್ಕಿತು, ನನಗೆ ಗುಳಿಗೆ.

ಮರುದಿನ ದೊಡ್ಡ ಡಾಕ್ಟರು ಇಬ್ಬರನ್ನೂ ಕರೆದರು. ಅದನ್ನು ಶಿವ್ಯಾ ಊಟಕ್ಕೆ ಕೂತಾಗ ಹೇಳಿದ.

"ಜವಾಬ್ದಾರಿ ಯಾರದು ಅಂತ ಕೇಳಿದ್ರು. ಪದ್ಮಣ್ಣ ನಂದು ಅಂದ. ಅವನ್ನ ಕೆಲಸದಿಂದ ತಗದ್ರವ್ವಾ."

"ನೀ ಏನಂದಿ?"

"ನಾ ಏನೂ ಅನ್ನಲಿಲ್ಲ."

"ಬಾಯಾಗ ಏನ ಇಟಗೊಂಡಿದ್ದಿ?"

ಸೊಸೆ ಪಲ್ಯ ಬಡಿಸಲು ಬಂದಳು. ಬೇಡವೆಂದು ತಟ್ಟೆ ತೆಗೆದಿಟ್ಟೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮುಖ ನೋಡಲು ನಾಚಿಕೆಯಾಯಿತು.

ಮುಂದಿನ ರವಿವಾರ ಬರುತ್ತೇವೆಂದು ಪದ್ಮಣ್ಣನಿಗೆ ಫೋನ್ ಮಾಡಿಸಿ, ಶಿವ್ಯಾನನ್ನು ಎಳೆದುಕೊಂಡೇ ಖಾನಾಪುರಕ್ಕೆ ಹೋದೆ. ಮೊದಲು ಪದ್ಮಣ್ಣನ ಎದುರು ಒಪ್ಪಲಿ, ಆಮೇಲೆ ಡಾಕ್ಟರ ಎದುರು, ಇಷ್ಟೇ ನನ್ನ ಹಟ. ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ, "ನೀ ಮುಂದ ನಡಿಯವ್ವಾ, ಚಾ ಕುಡದು ಬಂದೆ," ಎಂದ.

ಪದ್ಮಣ್ಣ ಬಾಗಿಲಲ್ಲೇ ನಿಂತಿದ್ದ. ಮನೆಯಲ್ಲಿ ಸ್ವೆಟರ್ ಇಲ್ಲದೆ ಸಣ್ಣವನಾಗಿ ಕಂಡ. "ಬರ್ರಿ ಆಯಿ, ಕುಂದರ್ರಿ. ಶಿವಾನಂದ ಎಲ್ಲಿ?"

"ಬರಾಕತ್ಯಾನ. ನೀ ಯಾಕ ನಿನ್ನ ತಲಿ ಮ್ಯಾಲ ಹಾಕ್ಕೊಂಡಿ?"

"ಹಾಕ್ಕೊಂಡಿಲ್ರೀ. ಜವಾಬ್ದಾರಿ ಯಾರದು ಅಂದ್ರು, ಖರೇನ ಅದು ನಂದು. ಯಾರ ಮಾಡಿದ್ರು ಅನ್ನೂದ ಶಿವಾನಂದ ಹೇಳಬೇಕಿತ್ತು. ಹೇಳ್ತಾನಂತ ಅವನ ಮಾರಿ ನೋಡಿದೆ. ಭಾಳ ಹೊತ್ತ ನೋಡಿದೆ," ಎಂದ. ಅವನಿಗೆ ಸಿಟ್ಟಿತ್ತು. ಇಲ್ಲವೆಂದು ಹೇಳಲಾರೆ.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವುದಿಲ್ಲ, ಪದ್ಮಣ್ಣ ನೀರನ್ನೂ ಮುಟ್ಟುವುದಿಲ್ಲ. ಅವನ ಅವ್ವ ಬೇಗನೇ ಉಂಡು ಕೈತೊಳೆದು, "ಹೊತ್ತ ಇಳೀತು, ನೀನೂ ಉಂಡ ಬಿಡಪಾ," ಎಂದಳು.

"ಊಟಕ್ಕ ಬರ್ರಿ ಅಂದೇನಿ, ಬರಲಿ. ಕೂಡೇ ಉಣ್ಣೂಣು," ಎಂದ ಅವನು.

ನಾನು ಫೋನ್ ಹಚ್ಚಿದೆ. ಮತ್ತೆ ಹಚ್ಚಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಎದುರು ಮನೆಯ ಹಂಚಿನ ಮೇಲಿನ ಬಿಸಿಲು ಮಾಳಿಗೆ ಏರಿತು, ಹೋಯಿತು. ಪದ್ಮಣ್ಣ ಎದ್ದು ತನ್ನ ತಟ್ಟೆಯನ್ನೂ ಶಿವ್ಯಾನ ತಟ್ಟೆಯನ್ನೂ ಬೋರಲು ಹಾಕಿದ.

"ನೀವು ಉಣ್ರಿ ಆಯಿ. ನಿಮಗ ಸಕ್ಕರಿ ಐತಿ, ಉಪಾಸ ಇರಬ್ಯಾಡ್ರಿ."

ಉಂಡೆ. ಗುಳಿಗೆ ನುಂಗಿದ್ದೆ, ಉಣ್ಣದಿದ್ದರೆ ತಲೆ ತಿರುಗಿ ಅಲ್ಲೇ ಬೀಳುತ್ತಿದ್ದೆ. ಹಸಿದವನ ಕೈಯಿಂದಲೇ ಎರಡು ಸಲ ಪಲ್ಯ ಹಾಕಿಸಿಕೊಂಡೆ. ಹೊರಟಾಗ ಅವನ ಅವ್ವ ಉಳಿದ ರೊಟ್ಟಿ ಕಟ್ಟಿ ಕೊಟ್ಟಳು. "ತಂಗಳ ನಾವು ಉಣ್ಣಂಗಿಲ್ಲವ್ವಾ, ಒಯ್ಯಿ." ಪದ್ಮಣ್ಣನನ್ನು ನೋಡಿದ್ದು ಅದೇ ಕೊನೆ. ಈಗ ಲೋಂಡಾ ದಾಟಿ ಗೋವೆಯ ಕಡೆ ಎಲ್ಲೋ ಕೆಲಸಕ್ಕಿದ್ದಾನಂತೆ. ಅವನ ಕುರ್ಚಿಯಲ್ಲಿ ನನ್ನ ಮಗ ಕೂರುತ್ತಾನೆ.

ಅಂದು ಶಿವ್ಯಾ ಸ್ಟ್ಯಾಂಡಿನ ಬೆಂಚಿನ ಮೇಲೇ ಕೂತಿದ್ದ. ಬಸ್ಸು ಹತ್ತಿದ ಮೇಲೆ ಮೆಲ್ಲಗೆ ಕೇಳಿದ. "ಏನಂದವ್ವಾ?"

ಗಂಟನ್ನು ಅವನ ತೊಡೆಯ ಮೇಲಿಟ್ಟೆ. "ಪದ್ಮಣ್ಣನ ಪಾಲಿಂದು. ಅಂವ ಇನ್ನೂ ಉಂಡಿಲ್ಲ."

ಶಿವ್ಯಾ ಮುಂಜಾನೆಯಿಂದ ಹಸಿದಿದ್ದ. ಪೀರನವಾಡಿ ಬರುವುದರೊಳಗೆ ಎಲ್ಲ ತಿಂದು ಮುಗಿಸಿದ.